ಬಚ್ಚಿಟ್ಟ ನೋಟಿಸು

“ಈ ಸಹಿ ನಿಮ್ಮದೇನಾ?” ರಿಜಿಸ್ಟರ್ ಅಂಚೆಯ ಚೀಟಿಯನ್ನು ತೋರಿಸಿ ನ್ಯಾಯಾಧೀಶರು ಕೇಳಿದರು.

“ನಂದೇ ಸ್ವಾಮಿ,” ಎಂದ ಮುದಿ ದರ್ಜಿ.

ಎದುರಿಗೆ ಇಬ್ಬರು ಪೊಲೀಸರ ನಡುವೆ, ನಾಲ್ಕು ವರ್ಷದಿಂದ ಅವನ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ವೆಲ್ಡರ್ ತಲೆ ತಗ್ಗಿಸಿ ಕೂತಿದ್ದ. ಪರದೇಶದವನು. ದರ್ಜಿಯ ಹೆಂಡತಿ ತೀರಿಕೊಂಡ ಮೇಲೆ ಅವನನ್ನು ‘ಊಟ ಆಯ್ತಾ ದೊಡ್ಡಪ್ಪ’ ಎಂದು ಕೇಳುತ್ತಿದ್ದವನು ಈ ವೆಲ್ಡರ್ ಒಬ್ಬನೇ.

ವಾಸದ ಪರವಾನಗಿಯ ವಿಚಾರಣೆಗೆ ಹಾಜರಾಗಬೇಕೆಂಬ ನೋಟಿಸು ಬಂದಾಗ ವೆಲ್ಡರ್ ಕೆಲಸಕ್ಕೆ ಹೋಗಿದ್ದ. ದರ್ಜಿಯೇ ಸಹಿ ಹಾಕಿ ತೆಗೆದುಕೊಂಡ. ಒಡೆದು ಓದಿದ. ಇದನ್ನು ಕಂಡರೆ ಇವನು ಗಂಟುಮೂಟೆ ಕಟ್ಟುವುದು ಖಂಡಿತ ಎಂದುಕೊಂಡು ಹೊಲಿಗೆ ಯಂತ್ರದ ಡ್ರಾಯರಿಗೆ ತುರುಕಿದ. ನಾಳೆ ಕೊಟ್ಟರಾಯಿತು ಎಂದು ತನಗೇ ಸಮಾಧಾನ ಹೇಳಿಕೊಂಡ. ಆ ನಾಳೆ ಬರಲೇ ಇಲ್ಲ. ವೆಲ್ಡರ್ ಹಾಜರಿಲ್ಲದೆಯೇ ಗಡೀಪಾರಿನ ಆದೇಶವಾಯಿತು. ಕೈಗವಸು ಬಿಚ್ಚುವುದಕ್ಕೂ ಬಿಡದೆ ಪೊಲೀಸರು ಅವನನ್ನು ಕೆಲಸದ ಜಾಗದಿಂದಲೇ ಎತ್ತಿಕೊಂಡು ಹೋದರು.

“ಮರೆತುಹೋಯ್ತು ಅನ್ನಿ, ಸಾಕು,” ಎಂದು ವೆಲ್ಡರನ ವಕೀಲೆ ಒಳಗೆ ಬರುವ ಮುಂಚೆ ಕೋರ್ಟಿನ ಹೊರಗೆ ದರ್ಜಿಗೆ ಹೇಳಿಕೊಟ್ಟಿದ್ದಳು.

“ಕೊಡೋದಕ್ಕೆ ಮರೆತ್ರಾ?” ಎಂದರು ನ್ಯಾಯಾಧೀಶರು.

ದರ್ಜಿ ವಕೀಲೆಯ ಕಡೆ ನೋಡದೆ ಹೇಳಿದ: “ಇಲ್ಲ ಸ್ವಾಮಿ. ಬೇಕಂತಲೇ ಬಚ್ಚಿಟ್ಟೆ. ಅವನು ಹೋಗ್ಬಿಡ್ತಾನೆ ಅಂತ ಭಯ. ಅವನಿಗೇನೂ ಗೊತ್ತಿರಲಿಲ್ಲ.”

ಬಾಡಿಗೆದಾರನನ್ನು ಉಳಿಸಲು ಕಟ್ಟಿದ ಕಥೆ ಇದು ಎಂದರು ಸರ್ಕಾರಿ ವಕೀಲರು.

“ತನ್ನ ತಲೆ ಮೇಲೆ ತಾನೇ ಗೂಬೆ ಕೂರಿಸ್ಕೊಳ್ಳೋರು ಕಡಿಮೆ,” ಎಂದರು ನ್ಯಾಯಾಧೀಶರು. ನೋಟಿಸು ಕೈಸೇರದವನನ್ನು, ಅವನ ಮಾತು ಕೇಳದೆ ದೇಶದಿಂದ ಹೊರಗೆ ಕಳಿಸಲಾಗದು ಎಂದು ಆದೇಶವನ್ನು ರದ್ದು ಮಾಡಿದರು. ತಿಂಗಳಾದ ಮೇಲೆ ಹೊಸ ವಿಚಾರಣೆ. ಅಲ್ಲಿಯವರೆಗೆ ಬಿಡುಗಡೆ.

ಗುಮಾಸ್ತ ವಿಳಾಸ ಕೇಳಿದ. ವೆಲ್ಡರ್ ತನ್ನ ಜೊತೆ ಕೆಲಸಗಾರನ ಮನೆಯ ವಿಳಾಸ ಬರೆಸಿದ.

ವರಾಂಡದಲ್ಲಿ ದರ್ಜಿ ಅವನ ಹಿಂದೆಯೇ ಬಂದು ನಿಂತ.

“ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ ದೊಡ್ಡಪ್ಪ,” ಎಂದ ವೆಲ್ಡರ್. “ಓಡಿಹೋಗೋದಕ್ಕೆ ನನಗೆ ಬೇರೆ ಎಲ್ಲಿತ್ತು ಜಾಗ? ಭಾನುವಾರ ಬಂದು ಸಾಮಾನು ತಗೊಂಡ್ಹೋಗ್ತೀನಿ,” ಎಂದು ಮೆಟ್ಟಿಲಿಳಿದ.

ಶನಿವಾರ ಮಧ್ಯಾಹ್ನ ದರ್ಜಿ ಮಹಡಿ ಕೋಣೆ ಗುಡಿಸಲು ಹೋದ. ಬಾಗಿಲ ಹಿಂದಿನ ಮೊಳೆಗೆ ವೆಲ್ಡರನ ಇನ್ನೊಂದು ಕೆಲಸದ ಕೋಟು ತೂಗುತ್ತಿತ್ತು. ತೋಳಿನ ತುಂಬ ಕಿಡಿ ಹಾರಿ ಸುಟ್ಟ ತೂತುಗಳು. ಅದನ್ನು ಕೆಳಗೆ ತಂದು, ಬಣ್ಣಕ್ಕೆ ಹೊಂದುವ ಬಟ್ಟೆ ಹುಡುಕಿ, ಒಂದೊಂದಕ್ಕೂ ತೇಪೆ ಹಾಕಿದ. ಮುಗಿದ ಮೇಲೆ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲಿಂದಲೂ ಬೆಳಕು ತೂರಿ ಬರಲಿಲ್ಲ. ಆದರೂ ಬಹಳ ಹೊತ್ತು ಹಾಗೇ ಹಿಡಿದು ನಿಂತಿದ್ದ.