ಹದಿನಾಲ್ಕನೇ ನಂಬರಿನ ಗೋಡೆ

“ಅಮ್ಮಾ, ಕ್ಯಾಮೆರಾ ನೋಡ್ಬೇಡಿ ಅಂತ ಎಷ್ಟು ಸಲ ಹೇಳೋದು? ಬೆನ್ನು ನಮ್ಮ ಕಡೆ, ಮುಖ ಆ ಕಡೆ. ಬಕೆಟ್ ಎತ್ತಿ, ನಡೀತಾ ಇರಿ. ಅಷ್ಟೇ ನಿಮ್ಮ ಕೆಲಸ!”

ನಿರ್ದೇಶಕ ಇಟ್ಟಿಗೆ ಗುಡ್ಡೆಯ ಮೇಲೆ ನಿಂತು ಕೂಗಿದ. ವಾಲ್ಲಿ ಕುಶ್ಕೆ “ಆಗ್ಲಿ” ಎಂದು ಬಕೆಟ್ ಎತ್ತಿಕೊಂಡು ಮೊದಲು ಹೊರಟ ಜಾಗಕ್ಕೆ ವಾಪಸು ಬಂದಳು. ಅವಳೇನು ಬೇಕೆಂದು ನೋಡಿದ್ದಲ್ಲ. ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಬರ್ಲಿನ್ನಿನ ಈ ಗೆರ್ಬರ್ ಬೀದಿಯಲ್ಲಿ ಯಾರ ಕಾಲಸಪ್ಪಳ ಕೇಳಿದರೂ ತಿರುಗಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಸಿಪಾಯಿ ವೇಷದ ನಟ ಹಿಂದಿನಿಂದ ಬೂಟು ಎಳೆದುಕೊಂಡು ಬರುತ್ತಿದ್ದ. ಇವಳ ಕತ್ತು ತಾನಾಗಿ ತಿರುಗುತ್ತಿತ್ತು.

ಐದನೇ ಸಲಕ್ಕೆ ಹಲ್ಲು ಕಚ್ಚಿ, ಕತ್ತು ಬಿಗಿಹಿಡಿದು ನಡೆದಳು.

“ಭೇಷ್! ನೋಡಿ, ಇದು ಬೇಕಾಗಿತ್ತು ನನಗೆ!” ಎಂದ ನಿರ್ದೇಶಕ.

ಬೆಳಗಿನಿಂದ ಸಂಜೆಯವರೆಗೆ ಹಳೇ ಇಟ್ಟಿಗೆಗೆ ಅಂಟಿದ ಗಾರೆ ಕೆರೆಯುವುದು, ಬಕೆಟ್ಟಿನಲ್ಲಿ ಮಣ್ಣು ಹೊರುವುದು ಅವಳ ನಿತ್ಯದ ಕೂಲಿ. ಸಿನಿಮಾದಲ್ಲೂ ಅದೇ ವೇಷ. ದಿನಾ ಮಾಡುವುದನ್ನೇ ಮಾಡಿದ್ದಕ್ಕೆ ಮಧ್ಯಾಹ್ನ ಚಮಚ ನೆಟ್ಟಗೆ ನಿಲ್ಲುವಂಥ ಬಟಾಣಿ ಸೂಪು, ಭಾನುವಾರ ಆಲೂಗೆಡ್ಡೆ ಕೊಡುತ್ತೇವೆ ಎಂದಿದ್ದರು. ಸೋತ ಊರಿನಲ್ಲಿ ಸಿನಿಮಾ ತೆಗೆಯುವುದು ಬಲು ಸಸ್ತಾ. ಸೆಟ್ಟು ಹಾಕುವ ಖರ್ಚೇ ಇಲ್ಲ. ಆಕಾಶದಲ್ಲಿ ಬಂದವರು ಬಿಟ್ಟಿಯಾಗಿ ಹಾಕಿಕೊಟ್ಟು ಹೋಗಿದ್ದರು.

ವಾಲ್ಲಿಗೆ ಸಿನಿಮಾದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು, ದುಃಖ, ಇವೆಲ್ಲ ಅವಳಲ್ಲಿ ಎಲ್ಲೋ ಮರಗಟ್ಟಿ ಹೋಗಿದ್ದವು. ಅವಳ ತಕರಾರು ಇದ್ದದ್ದು ಗೋಡೆಯದೊಂದೇ.

ಬೀದಿಯ ಹದಿನಾಲ್ಕನೇ ನಂಬರು ಅವಳಿದ್ದ ಮನೆ. ನಾಲ್ಕು ಮಹಡಿ ಬಿದ್ದು ಉಳಿದದ್ದು ಬಾಗಿಲ ಪಕ್ಕದ ಒಂದಾಳೆತ್ತರದ ಗೋಡೆ, ಅದರ ಮೇಲೆ ನೀಲಿ ನಂಬರ್ ಫಲಕ. ಬಿದ್ದ ಮನೆಗಳ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಆ ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಬದುಕಿದವರು ಯಾರು, ಈಗ ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಬರುವವರಿಗೆ ಬೇರೆ ವಿಳಾಸ ಎಲ್ಲಿತ್ತು? ವಾಲ್ಲಿಯೂ ಬರೆದಿದ್ದಳು: “ಯೋಖೆನ್, ಅಮ್ಮ ಬದುಕಿದ್ದೇನೆ. ಎದುರುಗಡೆ ಒಂಬತ್ತನೇ ನಂಬರು, ನೆಲಮಾಳಿಗೆ.” ಮಳೆ ಬಂದಾಗೆಲ್ಲ ಅಳಿಸುತ್ತಿತ್ತು, ಮತ್ತೆ ಬರೆಯುತ್ತಿದ್ದಳು. ಯೋಖೆನ್‌ನನ್ನು ಸೈನ್ಯಕ್ಕೆ ಎಳೆದುಕೊಂಡು ಹೋದಾಗ ಅವನಿಗೆ ಹದಿನೇಳು. ಗಂಡ ಮೊದಲೇ ತೀರಿಕೊಂಡಿದ್ದ. ಮಗನ ಕೊನೆಯ ಕಾಗದ ಪೂರ್ವದ ಗಡಿಯಿಂದ ಬಂದಿತ್ತು, ಆಮೇಲೆ ಏನೂ ಇಲ್ಲ. ಸತ್ತ ಅಂತಲೂ ಇಲ್ಲ, ಇದ್ದಾನೆ ಅಂತಲೂ ಇಲ್ಲ.

ಈಗ ಸಿನಿಮಾದ ಟಿಲ್ಮನ್ ಬಂದು ಆ ಗೋಡೆಯನ್ನೇ ಆರಿಸಿದ್ದ. ಸೆಟ್ಟು, ಬಣ್ಣ, ಬರವಣಿಗೆ ಎಲ್ಲ ಅವನದು. ಒದ್ದೆ ಬಟ್ಟೆಯಲ್ಲಿ ಅವಳ ಅಕ್ಷರ ಒರೆಸಿ ಬಿಳೀ ಬಣ್ಣದಲ್ಲಿ ಸೊಗಸಾಗಿ ಬರೆದ: “ನಂಬರ್ ಹದಿನಾಲ್ಕು. ಯಾರೂ ಉಳಿದಿಲ್ಲ. ಹುಡುಕಬೇಡಿ.” ಕಥೆಯಲ್ಲಿ ಸಿಪಾಯಿ ಮನೆಗೆ ಬಂದು ಅದನ್ನು ಓದಬೇಕು.

“ಸ್ವಾಮಿ, ಬೇರೆ ನಂಬರ್ ಬರೀರಿ,” ಎಂದು ವಾಲ್ಲಿ ಕೇಳಿದಳು. “ಹದಿನೆಂಟೋ ಇಪ್ಪತ್ತೋ ಬರೀರಿ. ನನ್ನ ಮಗ ಬಂದ್ರೆ?”

“ಅಯ್ಯೋ ತಾಯಿ, ಫಲಕ ಹದಿನಾಲ್ಕು ಅಂತಿದ್ಯಲ್ಲ! ನೋಡಿದವರು ನಗಲ್ವಾ? ಮೂರೇ ದಿವಸ. ಮುಗಿದ ತಕ್ಷಣ ನಿಮ್ಮದನ್ನ ನಾನೇ ಇದಕ್ಕಿಂತ ಚೆನ್ನಾಗಿ ಬರೆದುಕೊಡ್ತೀನಿ. ಒಂದು ವರ್ಷ ಬರದವನು ಈ ಮೂರು ದಿವಸದಲ್ಲೇ ಬಂದುಬಿಡ್ತಾನಾ?”

ಮಾತು ಹೌದೆನಿಸಿತು. ಸೂಪಿನ ವಾಸನೆಯೂ ಬರುತ್ತಿತ್ತು. ಹೊಟ್ಟೆ ಕೇಳಬೇಕಲ್ಲ.

ಆದರೂ ಅವಳು ಗೋಡೆ ಬಿಟ್ಟು ಕದಲಲಿಲ್ಲ. ಬಕೆಟ್ ಹೊರುವ ಕೆಲಸ ಇಲ್ಲದಾಗ ಅದರ ಬುಡದಲ್ಲೇ ಕೂತಳು. ಯಾರಾದರೂ ನಿಂತು ಓದಿದರೆ “ಅದು ಸಿನಿಮಾ, ಅದು ಸಿನಿಮಾ” ಎನ್ನುತ್ತಿದ್ದಳು. ಒಬ್ಬ ಮುದುಕ ನಿಂತು ಓದಿ, ಅವಳನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಾ ಸಿನಿಮಾನೇ ಕಣಮ್ಮ” ಎಂದು ಹೋದ.

ಶುಕ್ರವಾರ ಶುರುವಾದದ್ದು ಶನಿವಾರ ಮುಗಿಯಲಿಲ್ಲ, ಬೆಳಕು ಸರಿಯಿಲ್ಲ ಎಂದು ಸೋಮವಾರಕ್ಕೆ ಹೋಯಿತು. ಭಾನುವಾರ ರಜೆ. ಆದರೆ ಆಲೂಗೆಡ್ಡೆ ಹಂಚುವುದು ಭಾನುವಾರವೇ, ಅದೂ ಸ್ಟುಡಿಯೋ ಬಾಗಿಲಲ್ಲಿ. ಹೋಗಿ ಬರಲು ಎರಡು ಗಂಟೆ ಬೇಕು. ವಾಲ್ಲಿ ನೆಲಮಾಳಿಗೆಯಲ್ಲಿ ತನ್ನ ಜೊತೆಗಿದ್ದ ಪಾವ್ಲಿನಜ್ಜಿಯನ್ನು ಎಬ್ಬಿಸಿ ಬೀದಿಗೆ ತೆರೆದ ಕಿಟಕಿಯ ಹತ್ತಿರ ಕೂರಿಸಿದಳು. ಅಜ್ಜಿ ಈ ಊರಿನವಳಲ್ಲ. ಪೂರ್ವದಿಂದ ಓಡಿಸಲ್ಪಟ್ಟು ಕೈಗಾಡಿಯ ಜೊತೆ ಬಂದವಳು. ಕಾಲು ಊದಿಕೊಂಡು ನಡೆಯಲಾಗದು, ನಾಲಿಗೆ ಮಾತ್ರ ಚುರುಕು.

“ಯಾರಾದ್ರೂ ಹುಡುಗ ಬಂದು ಗೋಡೆ ಓದಿದ್ರೆ ಕೂಗಿ ಕರೀರಿ ಅಜ್ಜಿ. ಮರೀಬೇಡಿ.”

“ಹೋಗೇ ಮಾರಾಯ್ತಿ, ನನಗೇನು ಇಲ್ಲಿ ಡ್ಯಾನ್ಸಿಗೆ ಹೋಗೋದಿದ್ಯಾ? ನೋಡ್ತಾ ಇರ್ತೀನಿ. ದಪ್ಪ ದಪ್ಪ ಗೆಡ್ಡೆ ಆರಿಸ್ಕೊಂಡು ಬಾ.”

ಮೂರು ಗಂಟೆ ಹಿಡಿಯಿತು. ಚೀಲ ಹೊತ್ತು ಬಂದ ವಾಲ್ಲಿ ಮೆಟ್ಟಿಲಿಳಿಯುವ ಮೊದಲೇ ಅಜ್ಜಿ ಖುಷಿಯಿಂದ ಶುರು ಮಾಡಿದಳು.

“ನಿಮ್ಮ ಹೀರೋ ಬಂದಿದ್ದ ಕಣೇ!”

“ಯಾರು?”

“ಅದೇ, ಆ ಸಿಪಾಯಿ ಪಾರ್ಟಿನವನು. ಪ್ರಾಕ್ಟೀಸಿಗೆ ಬಂದಿದ್ದ ಅಂತ ಕಾಣುತ್ತೆ, ಒಬ್ಬನೇ. ಏನ್ ಆಕ್ಟಿಂಗು ಅಂತೀಯಾ! ಗೋಡೆ ಮುಂದೆ ಬಂದ, ಓದಿದ, ಹಾಗೇ ನಿಂತ. ಅಳಲಿಲ್ಲ, ಕೂಗಾಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡ. ಆಮೇಲೆ ಆ ನಂಬರ್ ಫಲಕ ಇದ್ಯಲ್ಲ, ಅದರ ಮೇಲಿನ ಧೂಳನ್ನ ತೋಳಲ್ಲಿ ಒರೆಸಿದ. ಹೊರಟೋದ. ಕಣ್ಣು ಮಿಟುಕಿಸದೆ ನೋಡಿದೆ ನಾನು. ಟಿಕೆಟ್ ತಗೊಂಡ್ರೂ ಇಂಥದ್ದು ಸಿಗಲ್ಲ.”

ವಾಲ್ಲಿ ಚೀಲ ಇಳಿಸಿದಳು. “ಕೂಗಲಿಲ್ವಾ ಅಜ್ಜಿ?”

“ಸಿನಿಮಾದವನನ್ನ ಯಾಕೆ ಕೂಗ್ಲಿ?”

ವಾಲ್ಲಿ ಹೊರಗೆ ಓಡಿದಳು. ಬೀದಿಯ ಎರಡೂ ತುದಿಯವರೆಗೆ ಹೋಗಿ ಬಂದಳು. ಎರಡು ಕಡೆಯೂ ಇಟ್ಟಿಗೆ ಗುಡ್ಡೆ, ಇಟ್ಟಿಗೆ ಗುಡ್ಡೆ. ಫಲಕ ನಿಜಕ್ಕೂ ಒರೆಸಿದಂತೆ ಹೊಳೆಯುತ್ತಿತ್ತು. ಟಿಲ್ಮನ್ ಅದಕ್ಕೆ ಧೂಳು ಬಳಿದಿದ್ದನ್ನು ಅವಳೇ ನೋಡಿದ್ದಳು.

ಸೋಮವಾರ ಬೆಳಿಗ್ಗೆ ಫಲಕ ನೋಡಿ ಟಿಲ್ಮನ್ ಗೊಣಗಿಕೊಂಡು ಮತ್ತೆ ಧೂಳು ಬಳಿದ. ಸಿಪಾಯಿ ಪಾತ್ರದ ಆರ್ನೊ ತಲೆಗೆ ಕಿವಿ ಮುಚ್ಚುವಂತೆ ಬ್ಯಾಂಡೇಜು ಸುತ್ತಿಸಿಕೊಂಡು ಪೆಟ್ಟಿಗೆಯೊಂದರ ಮೇಲೆ ಕೂತಿದ್ದ. ಒಳ್ಳೆಯವನು. ಶನಿವಾರ ತನ್ನ ಪಾಲಿನ ಬ್ರೆಡ್ಡಿನಲ್ಲಿ ಅರ್ಧ ಅವಳಿಗೆ ಕೊಟ್ಟಿದ್ದ.

“ನಿನ್ನೆ ಇಲ್ಲಿಗೆ ಬಂದಿದ್ರಾಪ್ಪ ನೀವು?” ವಾಲ್ಲಿ ಕೇಳಿದಳು. “ಒಬ್ಬರೇ? ಗೋಡೆ ಹತ್ರ?”

ಆರ್ನೊ ತಲೆಯೆತ್ತಿ ಅವಳ ಮುಖ ನೋಡಿದ. ಗೋಡೆ ನೋಡಿದ. ಅವಳು ಮೂರು ದಿನದಿಂದ ಅದರ ಬುಡದಲ್ಲಿ ಯಾಕೆ ಕೂತಿದ್ದಾಳೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

“ಹೂಂ ಅಮ್ಮ,” ಎಂದ. “ನಾನೇ ಬಂದಿದ್ದೆ. ಅಭ್ಯಾಸಕ್ಕೆ.”

“ಟೋಪಿ ಹಾಕ್ಕೊಂಡು?”

“ಟೋಪಿ ಹಾಕ್ಕೊಂಡೇ.”

“ಹಾಗಾದ್ರೆ ಸರಿ,” ಎಂದಳು ವಾಲ್ಲಿ. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಫಲಕ ಒರೆಸಿದ್ದು ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಿರ್ದೇಶಕ ಕೂಗಾಡಿ ಆಕೆಯ ಬೆನ್ನಿನ ಚಿತ್ರ ತೆಗೆದದ್ದು ಅವತ್ತೇ, ಐದು ಸಲ.

ಮಂಗಳವಾರ ಟಿಲ್ಮನ್ ಕೊಟ್ಟ ಮಾತು ಉಳಿಸಿಕೊಂಡ. ಬಣ್ಣ ಉಜ್ಜಿ ತೆಗೆದು ಅವಳ ಮಾತುಗಳನ್ನು ದುಂಡಗೆ ಬರೆದುಕೊಟ್ಟ. ಈಗ ಮಳೆಗೂ ಅಳಿಸುವ ಹಾಗಿರಲಿಲ್ಲ. ಬೇಸಿಗೆ ಹೋಯಿತು, ಯಾರೂ ಬರಲಿಲ್ಲ. ವಾಲ್ಲಿ ಇಟ್ಟಿಗೆ ಕೆರೆದಳು.

ಸಿನಿಮಾ ಬಂದದ್ದು ಜನವರಿಯಲ್ಲಿ. ಆ ಚಳಿಗಾಲದ ಸುದ್ದಿ ಎತ್ತುವುದೇ ಬೇಡ, ನಲ್ಲಿಯ ನೀರು ನಲ್ಲಿಯಲ್ಲೇ ಕಲ್ಲಾಗಿತ್ತು. ಚಿತ್ರಮಂದಿರದೊಳಗೆ ಬಿಡಬೇಕಾದರೆ ಟಿಕೆಟ್ಟಿನ ಜೊತೆ ಒಂದು ಕಲ್ಲಿದ್ದಲ ಇಟ್ಟಿಗೆಯನ್ನೂ ಕೊಡಬೇಕಿತ್ತು. ಎಲ್ಲರೂ ತಂದದ್ದನ್ನು ಒಂದೇ ಒಲೆಗೆ ಹಾಕಿ ಚಿತ್ರಮಂದಿರವನ್ನು ಬೆಚ್ಚಗಿಡುತ್ತಿದ್ದರು. ವಾಲ್ಲಿ ಅಂಥ ಎರಡು ಕಲ್ಲಿದ್ದಲ ಇಟ್ಟಿಗೆ ಕಾಗದದಲ್ಲಿ ಸುತ್ತಿಕೊಂಡು, ಅಜ್ಜಿಯನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದಳು.

“ಸ್ಟಾರಿನ ಜೊತೆ ಹೋಗ್ತಿದೀನಿ ನಾನು, ದಾರಿ ಬಿಡ್ರಪ್ಪಾ!” ಎಂದು ಅಜ್ಜಿ ದಾರಿಯುದ್ದಕ್ಕೂ ಹೇಳಿದಳು.

ಒಳಗೆ ಎಲ್ಲರ ಬಾಯಿಂದ ಹಬೆ ಬರುತ್ತಿತ್ತು. ಪರದೆಯ ಮೇಲೆ ಅವರದೇ ಬೀದಿ ಬಂತು. ಸಿಪಾಯಿ ಗೋಡೆ ಓದಿದ, ಮಂಡಿಯೂರಿ ಬಿದ್ದ, ಮುಷ್ಟಿಯಿಂದ ಗೋಡೆ ಗುದ್ದಿದ. ಹಿಂದೆಮುಂದೆ ಕೂತ ಯಾರೂ ಅಳಲಿಲ್ಲ. ಯಾರೋ ಕೆಮ್ಮಿದರು. ವಾಲ್ಲಿಯ ಬೆನ್ನು ಒಂದು ಕ್ಷಣ ಹಾದುಹೋಯಿತು. “ಅಗೋ ನೀನು!” ಎಂದು ಅಜ್ಜಿ ಅವಳ ತೊಡೆ ತಿವಿದಳು.

ಆಮೇಲೊಂದು ಕಡೆ, ಒಬ್ಬ ನರ್ಸು ಸಿಪಾಯಿಯ ತಲೆಯ ಬ್ಯಾಂಡೇಜು ಬಿಚ್ಚಿದಳು. ಆರ್ನೊನ ಮುಖ ಪರದೆಯ ತುಂಬ ಬಂತು. ಅಜ್ಜಿ ಮುಂದಕ್ಕೆ ಬಾಗಿದಳು.

“ಇವನಲ್ಲ ಕಣೇ.”

“ಏನು?”

“ಅವತ್ತು ಭಾನುವಾರ ಬಂದಿದ್ದು ಇವನಲ್ಲ. ಇವನು ಗಂಡಸು. ಅವನಿನ್ನೂ ಹುಡುಗ. ಟೋಪಿ ತೆಗೆದಾಗ ಕಂಡಿತಲ್ಲ, ಕಿವಿ ಎರಡೂ ಹೀಗೆ ಆಚೆಗೆ ಬಾಗಿಲು ತೆಗೆದ ಹಾಗಿತ್ತು. ಬಿಸಿಲು ಬಿದ್ದು ಕೆಂಪಗೆ ಕಾಣ್ತಿತ್ತು.”

ಯೋಖೆನ್ ಹುಟ್ಟಿದಾಗ ಸೂಲಗಿತ್ತಿ ಆಡಿದ ಮೊದಲ ಮಾತೇ ಆ ಕಿವಿಗಳದ್ದು. ಟೋಪಿ ಹಾಕಿದರೆ ಕಿವಿ ಒಳಗೆ ಕೂರುತ್ತದೆಂದು ಸಣ್ಣವನಿದ್ದಾಗ ಟೋಪಿ ತೆಗೆಯದೆ ಮಲಗುತ್ತಿದ್ದ.

ಬದುಕಿದ್ದಾನೆ. ಮೊದಲು ಅಷ್ಟೇ ಹೊಳೆದದ್ದು. ಎರಡು ಕಾಲಿನ ಮೇಲೆ ನಡೆದು ಮನೆಯವರೆಗೆ ಬಂದಿದ್ದ. ಆಮೇಲೆ ಮಿಕ್ಕದ್ದೂ ಹೊಳೆಯಿತು. ಹುಡುಕಬೇಡಿ ಎಂದು ಬರೆದಿತ್ತು, ಹುಡುಕಲಿಲ್ಲ. ಹೇಳಿದ ಮಾತು ಕೇಳುವ ಮಗು ಅದು. ಅವನು ಅಮ್ಮನನ್ನು ಕಳೆದುಕೊಂಡು ಆಗಲೇ ಒಂಬತ್ತು ತಿಂಗಳಾಗಿತ್ತು, ಮತ್ತು ಕಳೆದುಕೊಂಡ ಆ ಹೊತ್ತಿನಲ್ಲಿ ಅವಳು ಆಲೂಗೆಡ್ಡೆಯ ಸಾಲಿನಲ್ಲಿ ನಿಂತಿದ್ದಳು. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಬೆರಳುಗಳು ಮರಗಟ್ಟಿದ್ದವು, ಅವನ್ನು ಕಂಕುಳಲ್ಲಿಟ್ಟುಕೊಂಡು ಸಿನಿಮಾ ಮುಗಿಯುವವರೆಗೆ ಕೂತಳು.

“ನಾನು ಕೂಗಬೇಕಿತ್ತೇನೇ?” ಅಜ್ಜಿ ವಾಪಸು ಬರುವ ದಾರಿಯಲ್ಲಿ ಒಮ್ಮೆ ಕೇಳಿದಳು. ವಾಲ್ಲಿ “ಕಂಬಳಿ ಸರಿಯಾಗಿ ಹೊದ್ಕೊಳ್ಳಿ” ಎಂದಳು.

ಮರುದಿನ ಮಧ್ಯಾಹ್ನ ವಾಲ್ಲಿ ರಾತ್ರಿಯ ಒಲೆಗೆಂದು ಇಟ್ಟಿದ್ದ ಕಲ್ಲಿದ್ದಲನ್ನು ಎತ್ತಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದಳು. ಬಾಗಿಲಲ್ಲಿ ಕಲ್ಲಿದ್ದಲು ಇಸಿದುಕೊಳ್ಳುವ ಒಕ್ಕಣ್ಣಿನವನು ಗುರುತು ಹಿಡಿದ.

“ನಿನ್ನೆ ತಾನೇ ನೋಡಿದ್ರಲ್ಲಮ್ಮ! ಹೀರೋ ಮೇಲೆ ಮನಸ್ಸಾಯ್ತಾ?”

“ಅದರಲ್ಲಿ ನಾನಿದೀನಿ.”

“ಓಹೋಹೋ! ಹಾಗಾದ್ರೆ ಹೀರೋಯಿನ್ನು!”

“ಇದು ಬೇರೆ ಊರಿಗೂ ಹೋಗುತ್ತಾ?”

“ಹೋಗ್ದೆ? ಮುಂದಿನ ವಾರ ಲೈಪ್‌ಸಿಗ್, ಆಮೇಲೆ ಡ್ರೆಸ್ಡೆನ್. ಎಲ್ಲೆಲ್ಲಿ ಒಂದು ಪರದೆ ಉಳಿದಿದ್ಯೋ ಅಲ್ಲೆಲ್ಲ ಹೋಗುತ್ತೆ. ನಿಮ್ಮನ್ನ ಇಡೀ ದೇಶ ನೋಡುತ್ತೆ, ಬಿಡಿ.”

ವಾಲ್ಲಿ ಹೋಗಿ ಮೊದಲ ಸಾಲಿನಲ್ಲಿ ಕೂತಳು. ಲೈಪ್‌ಸಿಗ್ಗಿನಲ್ಲೋ ಡ್ರೆಸ್ಡೆನ್ನಿನಲ್ಲೋ ಒಂದು ತಣ್ಣನೆಯ ಚಿತ್ರಮಂದಿರಕ್ಕೆ ಒಬ್ಬ ಹುಡುಗ ಕಲ್ಲಿದ್ದಲು ಹಿಡಿದುಕೊಂಡು ಬರಬಹುದು. ಗೋಡೆ ಕಂಡೊಡನೆ ಅವನಿಗೆ ತಾನು ಓದಿದ್ದು ಸಿನಿಮಾದ ಮಾತೆಂದು ಗೊತ್ತಾಗುತ್ತದೆ. ಆಗ ಗೋಡೆಯ ಪಕ್ಕದಲ್ಲಿ ನಡೆದು ಹೋಗುವ ಹೆಂಗಸನ್ನೂ ನೋಡುತ್ತಾನೆ. ಬಕೆಟ್ ಹಿಡಿದರೆ ಅವಳ ಎಡ ಭುಜ ಇಳಿಯುತ್ತದೆ, ಬಲಗಾಲು ಚೂರು ಆಚೆಗೆ ಬೀಳುತ್ತದೆ. ಕಲ್ಲಿದ್ದಲು ತರಲು ಅವಳು ಮೆಟ್ಟಿಲಿಳಿದು ಹೋಗುವಾಗ ಯೋಖೆನ್ ಹಿಂದಿನಿಂದ ಅದನ್ನೇ ಅಣಕಿಸುತ್ತಿದ್ದ, ನಾಲ್ಕೂ ಮಹಡಿಯವರು ಬಾಗಿಲು ತೆರೆದು ನಗುತ್ತಿದ್ದರು.

ಎಷ್ಟು ಹೊತ್ತು ಕಾಣುತ್ತೇನೆ ಎಂದು ಲೆಕ್ಕ ಹಿಡಿಯಬೇಕಿತ್ತು. ಬೀದಿ ಬಂತು. ಗೋಡೆ ಬಂತು. ತಲೆವಸ್ತ್ರ ಕಟ್ಟಿದ ಹೆಂಗಸು ಬಕೆಟ್ ಎತ್ತಿಕೊಂಡಳು. ಒಂದು, ಎರಡು. ಹಿಂದಿನಿಂದ ಬೂಟಿನ ಸದ್ದು ಬಂತು.

“ತಿರುಗೇ,” ಎಂದಳು ವಾಲ್ಲಿ ಮೆಲ್ಲಗೆ. “ಒಂದ್ಸಲ ತಿರುಗೇ.”

ಮೂರು, ನಾಲ್ಕು. ಹೆಂಗಸು ಹೇಳಿಕೊಟ್ಟ ಹಾಗೆ ಕತ್ತು ನೆಟ್ಟಗೆ ಹಿಡಿದು ಗೋಡೆಯ ಮರೆಗೆ ಹೋದಳು.