ಸಳಿಯ ಕಾವು ಬಲ್ಲ ಮಲಕಾಜಪ್ಪ

ಕಾರ್ತಿಕ ಮಾಸದ ಆ ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮಲಕಾಜಪ್ಪ ಉರಿಯುವ ಭಟ್ಟಿಗೆ ಬೆನ್ನು ಕೊಟ್ಟು, ಎರಡೂ ಕಣ್ಣು ಮುಚ್ಚಿ, ತುಟಿಯೊಳಗೆ ಅರವತ್ತರವರೆಗೆ ಎಣಿಸುತ್ತ ನಿಂತಿದ್ದರು. ಹೊಸಬರು ನೋಡಿದರೆ ದೇವರ ಸ್ಮರಣೆ ನಡೆದಿದೆ ಎಂದುಕೊಳ್ಳಬೇಕು. ಅದು ಪ್ರಾರ್ಥನೆಯಲ್ಲ, ಹೊರಗಿನ ಬೆಳಕನ್ನು ಕಣ್ಣಿನಿಂದ ಇಳಿಸಿಕೊಳ್ಳುವ ಕ್ರಮ. ಬಿಸಿಲಿನಿಂದ ಬಂದ ಕಣ್ಣಿಗೆ ಕಾದ ಉಕ್ಕು ಮಂಕಾಗಿ ಕಾಣುತ್ತದೆ, ನೆರಳಿಗೆ ಒಗ್ಗಿದ ಕಣ್ಣಿಗೆ ಮಾತ್ರ ತನ್ನ ನಿಜವಾದ ಬಣ್ಣ ತೋರಿಸುತ್ತದೆ ಎಂಬುದು ಮೂವತ್ತೊಂದು ವರ್ಷಗಳಿಂದ ಅವರು ಒಂದು ದಿನವೂ ತಪ್ಪದೆ ಪಾಲಿಸಿದ ಸಿದ್ಧಾಂತ.

ಬೈಲಹೊಂಗಲದಿಂದ ನೇಸರಗಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ, ಸಾಹುಕಾರ ನಿಜಗುಣಪ್ಪನವರ ತಗಡಿನ ಶೆಡ್ಡು ಇದೆ. ಒಳಗೆ ಎಣ್ಣೆಯಿಂದ ಉರಿಯುವ ಒಂದು ಭಟ್ಟಿ. ಅದರ ಎದುರಿಗೆ, ಕೊಲ್ಲಾಪುರದ ಮುಚ್ಚಿದ ಕಾರಖಾನೆಯೊಂದರಿಂದ ಕೊಂಡು ತಂದ, ಆಳೆತ್ತರದ ಗಾಲಿಯಿರುವ ನಟ್ಟು ಒತ್ತುವ ಯಂತ್ರ. ಮೂರು ಅಡಿಯ ಉಕ್ಕಿನ ಸರಳನ್ನು, ಅಂದರೆ ಸಳಿಯನ್ನು, ಅರ್ಧದವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಯಂತ್ರದ ಬಾಯಿಗೆ ಕೊಟ್ಟರೆ ಅದು ಒಂದೊಂದು ಹೊಡೆತಕ್ಕೆ ಒಂದೊಂದು ತುಂಡು ಕತ್ತರಿಸಿ, ಅಚ್ಚಿನೊಳಗೆ ಆರು ಮೂಲೆಗೆ ಹಿಸುಕಿ, ನಡುವೆ ತೂತು ಹೊಡೆದು, ಇನ್ನೂ ಕೆಂಪಗಿರುವ ನಟ್ಟನ್ನು ಕೆಳಗಿನ ತೊಟ್ಟಿಗೆ ಉದುರಿಸುತ್ತದೆ. ಹತ್ತು ಹನ್ನೆರಡು ನಟ್ಟಾಗುವಷ್ಟರಲ್ಲಿ ಸಳಿ ತಣಿಯುತ್ತದೆ, ಮತ್ತೆ ಭಟ್ಟಿ ಸೇರುತ್ತದೆ. ಕಾವು ಕಡಿಮೆಯಾದರೆ ಅಚ್ಚು ಸೀಳುತ್ತದೆ. ಕಾವು ಹೆಚ್ಚಾದರೆ ಸೀಳುವುದು ಅಚ್ಚಲ್ಲ, ಎಂದೋ ಒಂದು ದಿನ, ಎಲ್ಲೋ ಒಂದು ಕಡೆ, ನಟ್ಟು. ಯಾವ ಕ್ಷಣದಲ್ಲಿ ಸಳಿಯನ್ನು ಹೊರಗೆಳೆಯಬೇಕು ಎಂದು ಹೇಳುವವರು ಆ ಶೆಡ್ಡಿನಲ್ಲಿ ಒಬ್ಬರೇ.

ಅವರು ಎಂದೂ ಸಳಿ ಬಿಸಿಯಾಯಿತು ಎನ್ನುತ್ತಿರಲಿಲ್ಲ. ಮಾವಿನ ಲೆಕ್ಕ ಅವರದು. ಮೊದಲು ಕಾಯಿ, ಆಮೇಲೆ ದೋರಗಾಯಿ, ಕೊನೆಗೆ ಹಣ್ಣು. "ಹಣ್ಣಾತು" ಎಂಬ ಒಂದು ಮಾತು ಅವರ ಬಾಯಿಂದ ಬಿದ್ದರೆ ಯಂತ್ರ ನಡೆಯಬೇಕು, ಬೀಳದಿದ್ದರೆ ಸಾಹುಕಾರರೇ ಬಂದು ನಿಂತರೂ ನಡೆಯದು. ಮೊಳಕಾಲವರೆಗಿನ ಖಾಕಿ ಕೋಟು, ಅದರ ಎದೆಯ ಮೇಲೆ ಕಿಡಿ ಸಿಡಿದು ಬಿದ್ದ ಅಕ್ಕಿಕಾಳಿನಷ್ಟು ತೂತುಗಳು, ಇಕ್ಕಳದ ಭಾರಕ್ಕೆ ಎರಡು ಬೆರಳು ಇಳಿದ ಬಲಭುಜ. ತೂತು ಹೊಡೆದಾಗ ಬೀಳುವ ಕೆಂಪು ಬಿಲ್ಲೆಗಳು ನೆಲದ ಮೇಲೆ ಉರುಳಾಡುವುದರಿಂದ ಅವುಗಳನ್ನು ಸರಿಸುತ್ತ ಕಾಲೆಳೆದು ನಡೆಯುವುದು ರೂಢಿಯಾಗಿ, ಬೈಲಹೊಂಗಲದ ಬಜಾರದಲ್ಲಿಯೂ ಹಾಗೆಯೇ, ಡಾಂಬರಿನ ಮೇಲೆ ಕಾಣದ ಕೆಂಡಗಳನ್ನು ಬದಿಗೆ ತಳ್ಳುತ್ತ ಹೋಗುವವರಂತೆ ನಡೆಯುತ್ತಿದ್ದರು.

ಹಿಂದಿನ ವರ್ಷ ನಿಜಗುಣಪ್ಪನವರು ಪಿಸ್ತೂಲಿನಂಥ ಒಂದು ಶಾಖಮಾಪಕ ತಂದಿದ್ದರು. ದೂರದಿಂದ ಸಳಿಗೆ ಗುರಿಯಿಟ್ಟರೆ ಅಂಕಿ ತೋರಿಸುತ್ತಿತ್ತು. ಮಲಕಾಜಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಸೆಲ್ಲು ಹಾಕಬೇಕ್ರಿ ಸಾವ್ಕಾರ್ರ, ನನಗ ಎರಡು ರೊಟ್ಟಿ ಹಾಕಿದ್ರ ಸಾಕು" ಎಂದು ಮೊಳೆಗೆ ತೂಗುಹಾಕಿದ್ದರು. ಎಲ್ಲರೂ ನಕ್ಕಿದ್ದರು. ಮಾಪಕ ಅಲ್ಲಿಯೇ ಧೂಳು ತಿನ್ನುತ್ತಿತ್ತು.

ನಗದೆ ಇದ್ದವಳು ಭಾಗೀರಥಿ. ನಟ್ಟುಗಳನ್ನು ಆರಿಸುವುದು, ಅಳೆಯುವುದು, ಸಂಜೆ ಯಂತ್ರದ ಬುಡ ಗುಡಿಸುವುದು ಆಕೆಯ ಕೆಲಸ. ಕಾದ ಸಳಿಯ ಮೈಯಿಂದ ಹೊಪ್ಪಳೆಯಾಗಿ ಉದುರುವ ಕಿಟ್ಟ ದಿನಕ್ಕೆ ಎರಡು ಬುಟ್ಟಿ ಬರುತ್ತಿತ್ತು. ಭಾದ್ರಪದದ ಜೋಕುಮಾರನ ಹುಣ್ಣಿಮೆ ಕಳೆದ ಮರುದಿನದಿಂದ ಮೂರು ಬರತೊಡಗಿತು. ಒಂದು ವಾರ ನೋಡಿ ಆಕೆ ಕೇಳಿಯೇಬಿಟ್ಟಳು.

"ಕಾಕಾ, ನಟ್ಟ ಮಾಡಾಕತ್ತೀರೋ, ಕಿಟ್ಟ ಮಾಡಾಕತ್ತೀರೋ?"

"ಬುಟ್ಟಿ ಸಣ್ಣದ ತಂದಿರಬೇಕ ನೋಡಕೋ."

"ಬುಟ್ಟಿ ಅದ ಐತಿ. ನಿಮ್ಮ ಹಣ್ಣ ಯಾಕೋ ಭಾಳ ಹಣ್ಣ ಆಗಾಕತ್ತೈತಿ."

"ಕಸಾ ಹೊಡಿಯಾಕಿ ಕಾವು ಕಲಿಸಾಕ ಬಂದ್ಳು" ಎಂದು ಅವರು ಮುಖ ತಿರುಗಿಸಿದರು. ಸಿಟ್ಟು ಭಾಗೀರಥಿಯ ಮೇಲಿನದಾಗಿರಲಿಲ್ಲ. ಬೇಸಿಗೆಯಿಂದಲೇ ಬೀದಿದೀಪದ ಸುತ್ತ ಬಳೆಯಂಥ ಉಂಗುರಗಳು ಕಾಣುತ್ತಿದ್ದವು. ರೊಟ್ಟಿಯ ಮೇಲಿನ ಎಳ್ಳು ಕಾಣುತ್ತಿರಲಿಲ್ಲ. ಹೆಂಡತಿ ಇಂದ್ರವ್ವ ನಂದಿಬಟ್ಟಲು ಹೂ ನೆನೆಸಿದ ನೀರಿನಲ್ಲಿ ಕಣ್ಣು ತೊಳೆಸಿ, ಡಾಕ್ಟರರಿಗೆ ತೋರಿಸೋಣವೆಂದು ಎರಡು ಸಲ ಹೇಳಿದ್ದಳು. ಕಣ್ಣು ಹೋಯಿತೆಂದರೆ ಭಟ್ಟಿ ಹೋಯಿತು. ಭಟ್ಟಿ ಹೋದ ಮೇಲೆ ತಾವು ಯಾರು? ಆದ್ದರಿಂದ ಅರವತ್ತರ ಎಣಿಕೆಯನ್ನು ತೊಂಬತ್ತಕ್ಕೆ ಏರಿಸಿ ನೋಡಿದರು. ಪ್ರಯೋಜನವಾಗಲಿಲ್ಲ, ಮತ್ತೆ ಅರವತ್ತಕ್ಕೆ ಇಳಿದರು.

ಆ ಮಂಗಳವಾರ ಎಣಿಕೆ ಮುಗಿದು ಕಣ್ಣು ತೆರೆದಾಗ ಬಾಗಿಲಲ್ಲಿ ಕಟಕೋಳದ ಲಗಮಪ್ಪ ನಿಂತಿದ್ದರು. ಕಬ್ಬು ಸಾಗಿಸುವ ಎರಡು ಟ್ರಾಲಿಗಳ ಒಡೆಯ. ಕರವಸ್ತ್ರದ ಗಂಟು ಬಿಚ್ಚಿ, ಎರಡು ಹೋಳಾದ ಗಾಲಿಯ ನಟ್ಟೊಂದನ್ನು ಮೇಜಿನ ಮೇಲಿಟ್ಟರು.

"ಗಾಲಿ ಬಿಗಿಯಾಕ ಹೋದ್ರ ಹಪ್ಪಳಧಂಗ ಮುರೀತ್ರಿ ಇದು. ಪುಣ್ಯಾಕ ಮನಿ ಮುಂದ ಮುರೀತು. ಕಬ್ಬು ಹೇರಿಕೊಂಡು ಹೊಂಟಾಗ ಮುರಿದಿದ್ರ ಗಾಲಿ ಕಳಚಿ ಯಾರ ಮ್ಯಾಲ ಹೋಗತಿತ್ತೋ."

ನಿಜಗುಣಪ್ಪನವರು ಹೋಳನ್ನು ತಿರುವಿ ನೋಡಿದರು. ಹೊರಮೈಯಲ್ಲಿ ಒಂದು ದೋಷವಿಲ್ಲ. ಅಳತೆ ಸರಿ, ಮೂಲೆ ಸರಿ. ಮಲಕಾಜಪ್ಪ ಅದನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹೋಗಿ, ಮುರಿದ ಮುಖವನ್ನು ಕಣ್ಣಿಗೆ ತೀರ ಸಮೀಪ ಹಿಡಿದರು. ಚೆನ್ನಾಗಿ ಕಾಯಿಸಿದ ಉಕ್ಕು ಮುರಿದರೆ ಒಳಗೆ ಬೂದು ಬಣ್ಣದ ನುಣುಪು ಕಾಣುತ್ತದೆ. ಇದು ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಅತಿಯಾಗಿ ಕಾದಾಗ ಒಳಗಿನ ಕಣಗಳು ದಪ್ಪಗಾಗಿ ಒಂದರ ಕೈಯನ್ನೊಂದು ಬಿಡುತ್ತವೆ. ಅಂಥ ನಟ್ಟನ್ನು ಅವರು ಜನ್ಮದಲ್ಲಿ ಎರಡು ಸಲ ನೋಡಿದ್ದರು, ಎರಡು ಸಲವೂ ಬೇರೆಯವರು ಮಾಡಿದ್ದು.

ನಿಜಗುಣಪ್ಪನವರು ಅವರ ಹತ್ತಿರ ಬಂದು ದನಿ ತಗ್ಗಿಸಿದರು. "ಸಳಿ ಕೊಟ್ಟವರದ ತಪ್ಪು, ಮಾಲ ಕೆಟ್ಟ ಬಂದೈತಿ. ನಾ ಅವರಿಗೆ ಪತ್ರಾ ಬರೀತೇನಿ. ನೀ ಭಟ್ಟಿ ಕಡೆ ಹೋಗ ಮಲಕಾಜಪ್ಪಾ."

ಅದು ಪ್ರೀತಿಯಿಂದ ತೆರೆದ ಬಾಗಿಲು. ಒಂದು ಹೆಜ್ಜೆ ಇಟ್ಟಿದ್ದರೆ ದಾಟಬಹುದಿತ್ತು. ಮಲಕಾಜಪ್ಪ ಹೋಳುಗಳನ್ನು ಜೋಡಿಸಿ ಅಂಗೈಯಲ್ಲಿ ಇಡಿಯ ನಟ್ಟಾಗಿಸಿ ನೋಡಿದರು, ಮತ್ತೆ ಬಿಡಿಸಿದರು.

"ಸಳಿ ಚಲೋ ಐತ್ರಿ ಸಾವ್ಕಾರ್ರ. ಕೆಟ್ಟಿದ್ದು ನನ್ನ ಕಣ್ಣು."

ಆಮೇಲೆ ತಾವೇ ಹೋಗಿ ಮೊಳೆಯಿಂದ ಮಾಪಕ ಇಳಿಸಿ ಕೋಟಿನಿಂದ ಒರೆಸಿ ಭಾಗೀರಥಿಯ ಕೈಗೆ ಕೊಟ್ಟರು. "ನಾ ಹೇಳೂದು ನಾ ಹೇಳತೇನಿ. ಅದು ಹೇಳೂದು ನೀ ಹೇಳು." ಸೆಲ್ಲು ತರಿಸಿ ಹಾಕಿದ್ದಾಯಿತು. ಸಳಿ ಸಾವಿರದ ನೂರಾ ಐವತ್ತು ಡಿಗ್ರಿಗೆ ಬಂದಾಗ ಆಕೆ ಅಂಕಿ ಹೇಳಿದಳು. ಹೊರಗೆಳೆಯಬೇಕಾದ ಕಾವು ಅದೇ. ಮಲಕಾಜಪ್ಪ "ದೋರಗಾಯಿ" ಎಂದರು. ಅವರು "ಹಣ್ಣಾತು" ಎಂದಾಗ ಅಂಕಿ ಸಾವಿರದ ಮುನ್ನೂರಾ ಇಪ್ಪತ್ತು ದಾಟಿತ್ತು. ಮೂರು ಸಳಿ ನೋಡಿದರು, ಮೂರೂ ಸಲ ಅದೇ. ಭಾಗೀರಥಿಗೆ ಗೆದ್ದ ಖುಷಿ ಇರಲಿಲ್ಲ, ಮಾಪಕ ಹಿಡಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬುಟ್ಟಿ ಮೂರ ಆಗಿದ್ದು ಯಾವತ್ತಿಂದ ಅಂದಿ?" ಮಲಕಾಜಪ್ಪ ಕೇಳಿದರು.

"ಜೋಕುಮಾರನ ಹುಣ್ಣಿಮಿ ಮರುದಿನದಿಂದ, ಕಾಕಾ."

ಆಕೆಯ ಕಸದ ಬುಟ್ಟಿಯೇ ಪಂಚಾಂಗವಾಯಿತು. ಅಂದಿನಿಂದ ತಯಾರಾದ ಬೇರೆ ಅಳತೆಯ ನಟ್ಟುಗಳೆಲ್ಲ ಇನ್ನೂ ಗೋದಾಮಿನಲ್ಲಿದ್ದವು. ಅವು ನೇರ ಗುಜರಿಗೆ ಹೋದವು. ಗಾಲಿಯ ನಟ್ಟು ಮಾಡಿದ್ದು ಒಂದೇ ದಿನ. ಎರಡು ಸಾವಿರದ ನಾನೂರು, ಇನ್ನೂರರ ಹನ್ನೆರಡು ಚೀಲ. ಕಿತ್ತೂರು, ಸವದತ್ತಿ, ರಾಮದುರ್ಗ, ಸುರೇಬಾನದ ಅಂಗಡಿಗಳಿಗೆ ಹೋಗಿದ್ದವು. ಫೋನು ಮಾಡಿದರೆ ಏಳು ಚೀಲದ ಬಾಯಿ ಬಿಚ್ಚಿರಲಿಲ್ಲ, ಅವು ಹಾಗೆಯೇ ತಿರುಗಿ ಬಂದವು. ಐದು ಚೀಲ ಮಾರಿಹೋಗಿದ್ದವು. ಸಕ್ಕರೆ ಕಾರಖಾನೆಗಳು ಕಬ್ಬು ಅರೆಯತೊಡಗಿ ಹತ್ತು ದಿನವಾಗಿತ್ತು. ಶಾಲೆಯ ಮಕ್ಕಳು ಸೈಕಲ್ಲು ತುಳಿಯುವ ರಸ್ತೆಗಳಲ್ಲಿಯೇ ಹತ್ತಾರು ಟನ್ನು ಹೊತ್ತ ಟ್ರಾಲಿಗಳು ಓಡಾಡುತ್ತಿದ್ದವು.

ಕಣ್ಣಿನ ಡಾಕ್ಟರು ಭಟ್ಟಿಯ ಕಾವಿಗೆ ಪೊರೆ ಬಂದಿದೆ, ತಡಮಾಡದೆ ತೆಗೆಸಬೇಕು ಎಂದರು. ಪೊರೆಯ ಮುಸುಕಿನ ಹಿಂದೆ ಬಿಳಿಗೆಂಪು ಬರಿಯ ಕೆಂಪಾಗಿ ಕಂಡಿತ್ತು. ಅವರು ಕಾದಿದ್ದರು, ಸಳಿ ಬೆಂದಿತ್ತು. "ಸುಗ್ಗಿ ಮುಗೀಲಿ" ಎಂದು ಮಲಕಾಜಪ್ಪ ಎದ್ದು ಬಂದರು. ಮರುದಿನದಿಂದ ಮಾರಿಹೋದ ನಟ್ಟುಗಳನ್ನು ಹುಡುಕಿ ಬದಲಿಸುವ ತಿರುಗಾಟ: ಹೆಗಲಿಗೆ ಒಳ್ಳೆಯ ನಟ್ಟುಗಳ ಚೀಲ, ಕೈಯಲ್ಲಿ ಗಾಲಿ ಬಿಚ್ಚುವ ಪಾನಾ, ಸುತ್ತಿಗೆ. ಬಸ್ಸಿನಲ್ಲಿ ಎದುರು ಬರುವ ಟ್ರಾಲಿಯ ಕಡೆಗೇ ಕುಳಿತುಕೊಳ್ಳುತ್ತಿದ್ದರು, ಕಂಡದ್ದು ಬಣ್ಣದ ಒಂದು ರಾಶಿ ಮಾತ್ರವಾದರೂ. ಬೆಳಗಿನ ಚಹಾದಂಗಡಿಯಲ್ಲಿ ಪೇಪರು ಹಿಡಿದವರನ್ನು, "ಎಲ್ಲರೆ ಟ್ರಾಲಿ ಉರಳೇತೇನ್ ನೋಡ್ರಿ" ಎಂದು ಕೇಳಿ, ಇಲ್ಲವೆಂದ ಮೇಲೆಯೇ ಲೋಟ ಮುಟ್ಟುತ್ತಿದ್ದರು.

ಕೆಟ್ಟ ನಟ್ಟನ್ನು ಗುರುತಿಸಲು ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಆ ದಿನದ ಹಳೆಯ ಅಚ್ಚಿನ ಒಂದು ಮೂಲೆ ಸವೆದು ಬಿರಿದಿದ್ದರಿಂದ ಪ್ರತಿ ನಟ್ಟಿನ ಅಂಚಿನ ಮೇಲೆ ಕೂದಲೆಳೆಯ ಗೆರೆಯೊಂದು ಮೂಡಿತ್ತು. ಹೆಬ್ಬೆರಳ ಉಗುರಿಗೆ ಅದು ತಾಕುತ್ತಿತ್ತು. ಟ್ರಾಲಿಯ ಪಕ್ಕ ಮೊಳಕಾಲೂರಿ, ಒಂದೊಂದು ಗಾಲಿಯ ಆರಾರು ನಟ್ಟುಗಳ ಮೇಲೆ ಉಗುರಾಡಿಸುತ್ತ, ತಮ್ಮ ತಪ್ಪನ್ನು ತಾವೇ ಓದಿಕೊಳ್ಳುವವರ ಹಾಗೆ ಕಾಣುತ್ತಿದ್ದರು.

ಸುರೇಬಾನದಲ್ಲಿ ಕೆಂಚವ್ವ ಎಂಬ ಗಟ್ಟಿ ಹೆಣ್ಣುಮಗಳು, ಮೂರು ಟ್ರಾಲಿಗಳ ಒಡತಿ, ಬಿಚ್ಚಗೊಡಲಿಲ್ಲ.

"ಗಟ್ಟಿ ಅದಾವು, ಬಿಡೋ ಯಪ್ಪಾ. ಗಾಲಿ ಬಿಚ್ಚಿ ಕುಂತ್ರ ನನ್ನ ಕಬ್ಬು ನೀ ಹೊತಗೊಂಡು ಹೊಕ್ಕೀಯೇನು?"

ಮಲಕಾಜಪ್ಪ ಅವಳ ಕಡೆಯಿಂದಲೇ ಒಂದು ಬಿಡಿ ನಟ್ಟನ್ನು ಇಸಿದುಕೊಂಡು ಕಟ್ಟೆಯ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರು; ಎರಡನೆಯ ಪೆಟ್ಟಿಗೆ ಎರಡಾಯಿತು. ಚೀಲದ ನಟ್ಟೊಂದನ್ನು ಅದೇ ಜಾಗದಲ್ಲಿಟ್ಟು ಹತ್ತು ಪೆಟ್ಟು ಹಾಕಿದರು, ಚಪ್ಪಟೆಯಾಯಿತು, ಬಿರಿಯಲಿಲ್ಲ. ಕೆಂಚವ್ವ ಮಿನುಗುವ ಹೋಳನ್ನು ಎತ್ತಿ ನೋಡಿದಳು.

"ಇಂಥಾದ್ದ ಮಾಡಿದಾಂವ ಯಾಂವ?"

"ನಾನ ಯವ್ವಾ."

ಅವಳಿಗೆ ಬೈಗುಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಮಾಡಿದಾಂವ ತಾನ ಬಂದು ಹೇಳಿದ್ದು ಇದ ಮೊದಲ ನೋಡಿದ್ನಿ ಬಿಡು. ಬಿಚ್ಚು. ರೊಟ್ಟಿ ತಿಂದು ಬಿಚ್ಚು" ಎಂದು ಒಳಗೆ ಹೋದಳು. ಅವರು ಬಿಚ್ಚಿದ ಮೇಲೆ ತಿಂದರು.

ಹೀಗೆ ನಾಲ್ಕು ತಿಂಗಳು. ತಂದದ್ದನ್ನು ಭಾಗೀರಥಿ ಎಣಿಸಿ ನೆಲದ ಮೇಲೆ ನೂರರ ಗುಂಪು ಮಾಡಿ ಇಡುತ್ತಿದ್ದಳು. ಲಗಮಪ್ಪನ ಆ ಹೋಳಾದ ನಟ್ಟು ಮೊದಲ ಗುಂಪಿನ ಮೊದಲನೆಯದು. ಮಾರಿಹೋದ ಐದು ಚೀಲವೆಂದರೆ ಸಾವಿರ ನಟ್ಟು, ಹತ್ತು ಗುಂಪಾದರೆ ಮುಗಿಯಿತು. ಒಂಬತ್ತು ತುಂಬಿ, ಹತ್ತನೆಯದೂ ತುಂಬುತ್ತ ಬಂದು, ಇನ್ನು ಕೆಲವೇ ನಟ್ಟು ಬಾಕಿಯಿರುವಾಗ ಸುಗ್ಗಿ ಮುಗಿದು ನಿಂತಿತು. ಸವದತ್ತಿಯ ಅಂಗಡಿಯವರು ಹೆಸರು ನೆನಪಿಲ್ಲದ ಯಾರಿಗೋ ಒಂದು ಬೊಗಸೆ ಕೊಟ್ಟದ್ದಿತ್ತು, ಅದರ ಜಾಡು ಸಿಗಲಿಲ್ಲ. ಆ ವರ್ಷ ಆ ನಾಲ್ಕು ಕಡೆಯ ಯಾವ ರಸ್ತೆಯಲ್ಲೂ ಯಾವ ಟ್ರಾಲಿಯ ಗಾಲಿಯೂ ಕಳಚಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ದಿನ ಮಲಕಾಜಪ್ಪ ಭಟ್ಟಿಯೊಳಗೆ ನೋಡಿ, "ಇಷ್ಟ ಬೆಳ್ಳಗಿತ್ತೇನಬೇ ಇದು?" ಎಂದು ಭಾಗೀರಥಿಯನ್ನು ಕೇಳಿದರು. ಹಳೆಯ ಬಣ್ಣಗಳ ನೆನಪು ಹೊಸ ಕಣ್ಣಿಗೆ ಕೂಡಿಬರಲಿಲ್ಲ. ಆಕೆ ಮಾಪಕ ಹಿಡಿದು ಅಂಕಿ ಹೇಳುತ್ತಾಳೆ, ಅವರು ಪಕ್ಕದಲ್ಲಿ ನಿಂತು ಆ ಅಂಕಿಗೆ ಯಾವ ಬಣ್ಣ ಎಂದು ಕಲಿಯುತ್ತಾರೆ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದನೆಯ ಇಯತ್ತೆಯವರ ಶ್ರದ್ಧೆಯಿಂದ.

ಕೈಕೆಲಸದ ಜನರಲ್ಲಿ ಇಂಥದೊಂದು ವಂಶವಿದೆ; ಅದು ಜಾತಿಯಿಂದ ಬರುವುದಲ್ಲ, ಊರಿನಿಂದ ಬರುವುದೂ ಅಲ್ಲ. ಅವರು ಮಾಡಿದ ವಸ್ತುಗಳ ಮೇಲೆ ಅವರ ಹೆಸರಿರುವುದಿಲ್ಲ, ಕೊಂಡವರು ಅವರ ಮುಖ ನೋಡಿರುವುದಿಲ್ಲ. ಗಾಲಿ ಉರುಳುತ್ತಿರುವವರೆಗೆ ಲೋಕಕ್ಕೆ ಅವರ ನೆನಪಾಗುವ ಕಾರಣವೇ ಇಲ್ಲ. ಸರಿಯಾಗಿ ಮಾಡಿದ್ದು ಅವರ ಕೈಯಿಂದ ಬಿಟ್ಟ ಕ್ಷಣವೇ ಪರರದಾಗುತ್ತದೆ. ತಪ್ಪಾಗಿ ಮಾಡಿದ್ದು ಮಾತ್ರ ಎಲ್ಲಿ ಹೋದರೂ ಅವರದಾಗಿಯೇ ಉಳಿಯುತ್ತದೆ. ಮುಂದಿನ ವರ್ಷದ ಆಯುಧಪೂಜೆಗೆ ಶೆಡ್ಡಿಗೆ ಬಂದ ನೆಂಟರೊಬ್ಬರು ಯಂತ್ರಕ್ಕೆ ಹಾಕಿದ ಹೂಮಾಲೆ ನೋಡುತ್ತ, ಈ ಮೂವತ್ತೆರಡು ವರ್ಷದಲ್ಲಿ ನಿಮ್ಮ ಕೈಯಿಂದ ಎಷ್ಟು ನಟ್ಟು ಹೊರಗೆ ಹೋಗಿರಬಹುದು ಎಂದು ಕೇಳಿದರು. ಲಕ್ಷವೋ ಕೋಟಿಯೋ ಒಂದು ದೊಡ್ಡ ಸಂಖ್ಯೆಯನ್ನು ಅವರು ನಿರೀಕ್ಷಿಸಿದ್ದರು. ಮಲಕಾಜಪ್ಪ ತಮ್ಮ ಹೆಬ್ಬೆರಳ ಉಗುರು ನೋಡಿಕೊಂಡು ಹೇಳಿದರು:

"ಹ್ವಾದವು ಎಷ್ಟೋ ಗೊತ್ತಿಲ್ರಿ. ತಿರುಗಿ ಬರಬೇಕಾದವು ಹನ್ನೊಂದು."