ನೀರು ಕುಡಿದ ದಿನ

"ಉಚ್ಚಿ ಹೊಯ್ಯಾಕ ಪಗಾರ ಕೊಡ್ತೀನೇನ್ ಬೇ ನಿಮಗ? ಕುಂತು ಹೊಲೀರಲೇ ರಂಡೇರಾ."

ನಮ್ಮ ಜೀನ್ಸ್ ಕಾರ್ಖಾನೆಯ ಮಾಲೀಕ ಗುರುಸ್ವಾಮಿ ಹೀಗೆ ಒದರಿದ್ದು ಹೊರಗೆ ಹೋಗಿ ಬರುತ್ತೇನೆಂದು ಮಷಿನ್ ಬಿಟ್ಟು ಎದ್ದ ಸಾವಂತ್ರಮ್ಮನಿಗೆ. ಸಂಗನಕಲ್ಲಿನಿಂದ ಆಟೋದಲ್ಲಿ ಇಕ್ಕಟ್ಟಾಗಿ ಕೂತು ಬರುವ ಅವಳು ಅವನ ತಾಯಿಯ ವಯಸ್ಸಿನವಳು. ಕಕ್ಕಸು ಇರುವುದು ಒಂದೇ, ಅವನ ಆಫೀಸಿನೊಳಗೆ. ಅದು ಮಾಲು ಕೊಳ್ಳಲು ಬರುವ ಪಾರ್ಟಿಗಳಿಗೆ. ನಮಗೆ ಊಟದ ಹೊತ್ತಿನಲ್ಲಿ ಹಿಂದಿನ ಜಾಲಿ ಗಿಡಗಳು. ಅಲ್ಲಿ ಗಂಡಸರು ಬೀಡಿ ಸೇದುತ್ತ ನಿಂತಿರುತ್ತಾರೆ. ಅದಕ್ಕೇ ನಾವ್ಯಾರೂ ಮನೆ ಬಿಟ್ಟ ಮೇಲೆ ನೀರು ಮುಟ್ಟುವುದಿಲ್ಲ. ಸಾವಂತ್ರಮ್ಮನಿಗಂತೂ ಉರಿಮೂತ್ರ ಹತ್ತಿ, ಜ್ವರದಲ್ಲೇ ಮಷಿನ್ ತುಳಿಯುತ್ತಿದ್ದಳು. ಅವನ ಮೋರೆಗೆ ಕತ್ತರಿ ಎಸೆಯಬೇಕೆನಿಸಿತು ನನಗೆ. ಎಸೆಯಲಿಲ್ಲ, ನಾಳೆಯೂ ಕೆಲಸ ಬೇಕಿತ್ತು.

ಕಂಟೋನ್ಮೆಂಟಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದ ಅಕ್ಷಿತಾ ಪಿಎಚ್‌ಡಿ ಮಾಡುವ ಹುಡುಗಿ. ಹೆಂಗಸರ ಆರೋಗ್ಯದ ಕೆಲಸ ಎಂದು ಹೇಳಿ ಗುರುಸ್ವಾಮಿಯನ್ನು ಒಪ್ಪಿಸಿದ್ದಳು. ಊಟದ ಹೊತ್ತಿಗೆ ನಮ್ಮ ನಡುವೆ ಬಂದು ಕೂತಳು.

"ಇದು ಕ್ರಿಯಾ ಸಂಶೋಧನೆ ಅಕ್ಕಾ. ನಾನು ಕೇಳಿ ಬರ್ಕೊಂಡು ಹೋಗೋದಲ್ಲ, ನೀವೂ ಸಂಶೋಧಕರೇ. ತೊಂದ್ರೆ ಏನಂತ ಕೂಡಿ ಹುಡುಕೋಣ. ಏನಾದ್ರೂ ಮಾಡೋಣ, ಏನಾಗುತ್ತೆ ನೋಡೋಣ, ಅದರಿಂದ ಕಲಿತು ಮತ್ತೆ ಮಾಡೋಣ. ತಿಳಿಯೋದು, ಬದಲಾಯಿಸೋದು ಎರಡೂ ಒಂದೇ ಕೆಲಸ."

"ನನ್ನ ಗಂಡನ ಮ್ಯಾಲೆ ಮದಿವಿ ಆದಾಗಿಂದ ಅದನ್ನಾ ಮಾಡಾಕತ್ತೀನಿ," ಎಂದಳು ಕೊಟ್ರಬಸಮ್ಮ. "ಬದ್ಲಾಗವಲ್ಲ."

ಎಲ್ಲರೂ ನಕ್ಕೆವು. ಸಾವಂತ್ರಮ್ಮ ನಗಲಿಲ್ಲ.

"ನೀರು ಕುಡಿಯಾನು," ಎಂದಳು. "ಎಲ್ಲಾರೂ, ಹೊಟ್ಟಿ ತುಂಬ. ಏನಾಕ್ಕತಿ ನೋಡಾನು."

ಮರುದಿನ ಅಕ್ಷಿತಾ ಖುಷಿಯಿಂದ ನೀರಿನ ಕ್ಯಾನ್ ತಂದಳು. ಕುಡಿದೆವು. ಬಗ್ಗಿ ಹೊಲಿಯುವಾಗ ಕಿಬ್ಬೊಟ್ಟೆ ಬಿಗಿಯತೊಡಗಿತು. ಮಷಿನ್‌ಗಳು ಒಂದೊಂದಾಗಿ ನಿಂತವು. ಎಲ್ಲರೂ ಎದ್ದು ಆಫೀಸಿನ ಬಾಗಿಲಿಗೆ ಹೋದೆವು.

ಗುರುಸ್ವಾಮಿ ಅಡ್ಡ ನಿಂತ. "ನಿಮ್ಮ ಹೊಲಸು ಬುಡ ನನ್ನ ಕಮೋಡಿನ ಮ್ಯಾಲೆ ಇಡ್ತೀರೇನಲೇ? ನಡೀರಿ ಜಾಲ್ಯಾಗ."

ಅಕ್ಷಿತಾ ಬಿಳಿಚಿಕೊಂಡಳು. "ಅಕ್ಕಾ, ಇವತ್ತು ಬೇಡ. ಸರ್ ಇನ್ನು ನನ್ನನ್ನ ಒಳಗೇ ಬಿಡಲ್ಲ. ಮೊದ್ಲು ನಮ್ಮ ಗೈಡ್‌ನ ಕೇಳ್ತೀನಿ."

"ನಿನ್ನ ಗೈಡು ಬರೋತನಾ ನಂದು ನಿಲ್ಲಾದಿಲ್ಲವ್ವಾ," ಎಂದ ಸಾವಂತ್ರಮ್ಮ ಸೀರೆ ಎತ್ತಿ ಅವನ ಹೊಸ್ತಿಲ ಮುಂದೆಯೇ ಕೂತುಬಿಟ್ಟಳು.

ನಾವು ಅವಳಿಗೆ ಬೆನ್ನು ಮಾಡಿ ಸುತ್ತ ನಿಂತೆವು. ಉರಿಗೆ ಅವಳು ನರಳಿದ್ದು ಎಲ್ಲರಿಗೂ ಕೇಳಿಸಿತು. ಬಿಳಿ ಟೈಲ್ಸ್ ಮೇಲೆ ಹರಿದದ್ದು ಅವನ ಬೂಟಿಗೆ ತಾಗಿತು. ಅವನು ಹಿಂದೆ ಸರಿದ, ಕಕ್ಕಸಿನ ಕೀಲಿಕೈ ಮಾತ್ರ ಮುಷ್ಟಿಯಿಂದ ಬಿಡಲಿಲ್ಲ.

ಸಾವಂತ್ರಮ್ಮ ಎದ್ದು ಸೀರೆ ಸರಿಮಾಡಿಕೊಂಡಳು.

"ಮುಂದ ಯಾರು?"

ನಾನು ಹೋದೆ.